ಮೇಲೆ ಹತ್ತಿಸುವ ಮುನ್ನ ಕಲಿಸಿ

ದಾವಣಗೆರೆ ಜಿಲ್ಲೆಯ ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಗೊನೆ ಇಳಿಸುವವರು, ಹೊನ್ನಾಳಿ ಕಡೆ ಮಳೆಗಾಳಿಗೆ ಹರಿದ ತಂತಿ ಕಟ್ಟುವ ಪವರ್‌ಮನ್‌ಗಳು, ನ್ಯಾಮತಿಯಲ್ಲಿ ಬೀದಿದೀಪ ಬದಲಿಸುವ ಕೆಲಸಗಾರರು, ಜಗಳೂರಿನಲ್ಲಿ ಎರಡನೇ ಅಂತಸ್ತಿನ ಗೋಡೆಗೆ ಸಾರುವೆ ಕಟ್ಟಿ ಗಾರೆ ಬಳಿಯುವವರು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಕಸುಬಿನವರು. ಕೂಲಿ ಬೇರೆ, ಕೆಲಸ ಕೊಡುವವರೂ ಬೇರೆ. ಆದರೆ ಕಾಲು ನೆಲ ಬಿಟ್ಟ ಮೇಲೆ ಏನೇನು ಆಗಬಹುದು, ಆದರೆ ಏನು ಮಾಡಬೇಕು ಎಂಬುದನ್ನು ಇವರಲ್ಲಿ ಬಹಳಷ್ಟು ಮಂದಿಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಅಣ್ಣನನ್ನೋ ಮೇಸ್ತ್ರಿಯನ್ನೋ ನೋಡಿ ಕಲಿತರು, ಭಯ ಬಿಟ್ಟಿತು, ಕೈ ಕುದುರಿತು. ಅಷ್ಟಕ್ಕೇ ಅವರನ್ನು ನುರಿತವರೆಂದು ನಾವು ಕರೆದೆವು. ಈಗ ಸಣ್ಣ ಊರುಗಳಿಗೂ ಮನುಷ್ಯರನ್ನು ಮೇಲೆತ್ತುವ ಯಂತ್ರಗಳು ಕಾಲಿಡುತ್ತಿವೆ: ಲಾರಿಯ ಮೇಲೆ ಕೂತು ತೋಳು ಚಾಚುವ ಬಕೆಟ್ ಲಿಫ್ಟ್, ಬಾಡಿಗೆ ಕ್ರೇನು, ಅದೂ ಸಿಗದಿದ್ದರೆ ಜೆಸಿಬಿ. ಯಂತ್ರ ಬಂದರೆ ಅಪಾಯ ತಾನಾಗಿ ತಗ್ಗುತ್ತದೆ ಎಂಬ ನಂಬಿಕೆ ಅಧಿಕಾರಿಗಳಲ್ಲೂ ಇದೆ, ಜನರಲ್ಲೂ ಇದೆ. ನಾನು ಇದನ್ನು ಒಪ್ಪುವುದಿಲ್ಲ. ಎತ್ತರದ ಕೆಲಸದಲ್ಲಿ ಜೀವ ಉಳಿಸುವುದು ಮೊದಲು ತರಬೇತಿ, ಆಮೇಲೆ ಸಲಕರಣೆ. ಆ ತರಬೇತಿಯನ್ನು ತಾಲ್ಲೂಕು ಮಟ್ಟದಲ್ಲೇ, ಸಾರ್ವಜನಿಕ ಹಣದಲ್ಲಿ ಕೊಡಬೇಕು. ಕೊಡುವವರೆಗೆ ಕೂಲಿಯ ಆಸೆ ತೋರಿಸಿ ಯಾರನ್ನೂ ಮೇಲೆ ಹತ್ತಿಸಕೂಡದು.

ಎತ್ತರ ಎಂದ ಕೂಡಲೇ ನೆನಪಾಗುವುದು ಬೆಂಗಳೂರಿನ ಬಹುಮಹಡಿ ಕಟ್ಟಡ. ಸಾಯಲು ಅಷ್ಟೆಲ್ಲ ಎತ್ತರ ಬೇಕಾಗಿಲ್ಲ. ಬೀದಿದೀಪದ ಮಟ್ಟದಿಂದ, ಅಂದರೆ ಸುಮಾರು 6 ಮೀಟರ್ ಮೇಲಿನಿಂದ ಜಾರಿದವನು ನೆಲ ಮುಟ್ಟುವಾಗ ಅವನ ವೇಗ ಗಂಟೆಗೆ 39 ಕಿಲೋಮೀಟರ್ ಆಗಿರುತ್ತದೆ. ಅದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿಗಿಂತ ತುಸು ಹೆಚ್ಚು. 15 ಮೀಟರಿನ ಅಡಿಕೆ ಮರದ ತುದಿಯಿಂದಾದರೆ ವೇಗ 60 ಕಿಲೋಮೀಟರ್ ದಾಟುತ್ತದೆ, ಎರಡು ಸೆಕೆಂಡೂ ಆಗುವುದಿಲ್ಲ. ಏನಾದರೂ ಹಿಡಿದುಕೊಳ್ಳಬಹುದಿತ್ತು, ಜಿಗಿಯಬಹುದಿತ್ತು ಎಂದು ಆಮೇಲೆ ಆಡುವ ಮಾತಿಗೆಲ್ಲ ಆ ಎರಡು ಸೆಕೆಂಡಿನಲ್ಲಿ ಎಡೆಯಿಲ್ಲ. ಬದುಕಿ ಉಳಿದವರ ಪಾಡು ಬೇರೆ. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗೆ ಸ್ವಾಧೀನ ಹೋಗುತ್ತದೆ, ಮೂತ್ರದ ಮೇಲಿನ ಹತೋಟಿ ತಪ್ಪುತ್ತದೆ, ಮಲಗಿದಲ್ಲೇ ಹುಣ್ಣಾಗುತ್ತದೆ. ದುಡಿಯುತ್ತಿದ್ದವನನ್ನು ನೋಡಿಕೊಳ್ಳಲು ಮನೆಯ ಇನ್ನೊಬ್ಬರು, ಹೆಚ್ಚಾಗಿ ಹೆಂಡತಿ ಅಥವಾ ತಾಯಿ, ದುಡಿಮೆ ಬಿಡಬೇಕಾಗುತ್ತದೆ. ಬೆನ್ನುಹುರಿ ಜಖಂಗೊಂಡವರ ಪುನಶ್ಚೇತನಕ್ಕೆಂದೇ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಧಾಮ ಎಂಬ ಕೇಂದ್ರ ನಡೆಯುತ್ತಿದೆ. ಮರ ಹತ್ತುವ ಕಸುಬಿನ ಕರಾವಳಿಯಲ್ಲಿ ಅಂಥ ಕೇಂದ್ರದ ಅಗತ್ಯ ಏನೆಂದು ಬಿಡಿಸಿ ಹೇಳಬೇಕಿಲ್ಲ. ದಾವಣಗೆರೆ ಜಿಲ್ಲೆಯ ಅಡಿಕೆ ತೋಟಗಳೂ ವರ್ಷದಿಂದ ವರ್ಷಕ್ಕೆ ಹಬ್ಬುತ್ತಿವೆ. ಭದ್ರಾ ನಾಲೆಯ ಬಯಲಿನಾಚೆಗೆ, ಕೊಳವೆಬಾವಿ ನಂಬಿದ ಒಣ ಭೂಮಿಗೂ ಅಡಿಕೆ ಸಸಿ ಹೋಗಿದೆ. ಮರ ಹೆಚ್ಚಿದಷ್ಟೂ ಹತ್ತುವವರು ಹೆಚ್ಚಬೇಕು.

ಅಡಿಕೆಯನ್ನೇ ಮೊದಲು ನೋಡೋಣ, ಏಕೆಂದರೆ ಈ ಭಾಗದಲ್ಲಿ ಎತ್ತರದ ಕೆಲಸ ಎಂದರೆ ಮೊದಲು ಅಡಿಕೆ. ಗೊನೆಯನ್ನು ಮರ ಹತ್ತಿ ಕೊಯ್ಯುವುದೊಂದು, ನೆಲದಲ್ಲೇ ನಿಂತು ಉದ್ದನೆಯ ದೋಟಿಯಿಂದ ಕೊಯ್ಯುವುದೊಂದು. ದೋಟಿ ಬಂದದ್ದು ಒಳ್ಳೆಯದೇ. ಮರದಿಂದ ಬೀಳುವ ಅಪಾಯ ಅದರಿಂದ ತಪ್ಪಿತು. ಆದರೆ ಅದರ ಜತೆಯಲ್ಲೇ ಇನ್ನೊಂದು ಅಪಾಯ ಬಂತು. ಹೊಲ ತೋಟಗಳ ಮೇಲೆ ಹಾದುಹೋಗುವ 11 ಕೆವಿ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿದ್ದರೆ ನಿಯಮ ಪಾಲನೆಯಾದಂತೆ. ಅಡಿಕೆ ಮರ ಬೆಳೆದಂತೆ 15 ಮೀಟರ್ ದಾಟುತ್ತದೆ. ಅಂದರೆ ತಂತಿ ಇರುವುದು ಗೊನೆಯ ಮಟ್ಟದಲ್ಲಲ್ಲ, ಅದಕ್ಕಿಂತ ಬಹಳ ಕೆಳಗೆ. ಗೊನೆ ಕೊಯ್ಯುವಾಗ ಕಣ್ಣೆಲ್ಲ ತುದಿಯ ಮೇಲಿರುತ್ತದೆ. ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ದೋಟಿ ವಾಲುತ್ತದೆ, ವಾಲುವ ದಾರಿಯಲ್ಲಿ ತಂತಿ ಇರುತ್ತದೆ. ಅಲ್ಯುಮಿನಿಯಂ ಕೊಳವೆಯಾದರೆ ಮುಗಿಯಿತು. ಅಡಿಕೆ ಕೊಯ್ಯುವಾಗ ವಿದ್ಯುತ್ ತಗುಲಿ ಸಾವು ಎಂಬ ಸುದ್ದಿ ಈ ತಾಲ್ಲೂಕುಗಳ ಪತ್ರಿಕೆ ಓದುಗರಿಗೆ ಹೊಸತಲ್ಲ. ಈಗ ಬಳಕೆಯಲ್ಲಿರುವ ಕಾರ್ಬನ್ ಫೈಬರ್ ದೋಟಿ ಹಗುರವಾಗಿದೆ, ಕೆಲಸಕ್ಕೆ ಹಿತವಾಗಿದೆ. ಲೋಹವಲ್ಲವಲ್ಲ, ಕರೆಂಟ್ ಹೊಡೆಯುವುದಿಲ್ಲ ಎಂದು ಹಿಡಿದವರು ತಿಳಿದರೆ ಅದು ಪ್ರಾಣಕ್ಕೆ ಎರವಾಗುವ ತಿಳಿವಳಿಕೆ. ಕಾರ್ಬನ್ ವಿದ್ಯುತ್ ವಾಹಕ. ಸಹಾಯಧನದಲ್ಲಿ ದೋಟಿ ಕೊಡುವಾಗ ಈ ಒಂದು ಮಾತನ್ನು ಕೊಳ್ಳುವ ರೈತನಿಗಷ್ಟೇ ಹೇಳಿದರೆ ಸಾಲದು, ಅದನ್ನು ಹಿಡಿಯುವ ಆಳಿಗೆ ಹೇಳಬೇಕು. ಇವರಿಬ್ಬರು ಒಬ್ಬರೇ ಆಗಿರುವುದು ಅಪರೂಪ.

ಹೊಣೆ ಜಾರುವುದೂ ಇಲ್ಲಿಯೇ. ಫಸಲನ್ನು ಖೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ಚನ್ನಗಿರಿ ಸೀಮೆಯ ರೂಢಿ. ಖೇಣಿದಾರ ತನ್ನ ಆಳುಗಳನ್ನು ಕರೆತಂದು ಕೊಯ್ಲು ಮಾಡಿಸುತ್ತಾನೆ. ಅವಘಡವಾದರೆ ತೋಟದವರು ಖೇಣಿದಾರನತ್ತ ಬೆರಳು ತೋರಿಸುತ್ತಾರೆ, ಖೇಣಿದಾರ ಆಳಿನ ಅಜಾಗರೂಕತೆಯತ್ತ ತೋರಿಸುತ್ತಾನೆ. ತಂತಿಯ ಕೆಳಗೇ ಸಸಿ ನೆಟ್ಟವರು ಯಾರು, ನೆಟ್ಟಾಗ ತಡೆಯದವರು ಯಾರು, ತಂತಿ ಜೋತುಬಿದ್ದಿದೆ ಎಂಬ ದೂರು ಎಷ್ಟು ದಿನ ಕಚೇರಿಯಲ್ಲಿ ಬಿದ್ದಿತ್ತು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ವಿದ್ಯುತ್ ಅವಘಡಗಳ ತನಿಖೆಗೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಸೆಕ್ಷನ್ ಇದೆ, ರಾಜ್ಯದಲ್ಲಿ ಅದಕ್ಕೆಂದೇ ವಿದ್ಯುತ್ ಪರಿವೀಕ್ಷಣಾಲಯವಿದೆ. ತನಿಖೆ ಕಾರಣ ಹುಡುಕುತ್ತದೆ. ಆ ಕಾರಣ ಪಕ್ಕದ ತೋಟದ ಆಳಿನ ಕಿವಿಗೆ ತಲುಪುವ ದಾರಿಯಿಲ್ಲ. ಒಂದು ಸಾವಿನಿಂದ ಕಲಿಯಬೇಕಾದ ಪಾಠ ಆ ಕಡತದಲ್ಲೇ ಉಳಿದರೆ ಮುಂದಿನ ಕೊಯ್ಲಿನಲ್ಲಿ ಅದೇ ಕಾರಣಕ್ಕೆ ಇನ್ನೊಬ್ಬರು ಸಾಯುತ್ತಾರೆ.

ಇದು ತೋಟದ ಮಾತಷ್ಟೇ ಅಲ್ಲ. 2024ರ ಜನವರಿ 8ರ ನಸುಕಿನಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆಂದು ಕಟೌಟ್ ನಿಲ್ಲಿಸುತ್ತಿದ್ದ ಯುವಕರಿಗೆ ವಿದ್ಯುತ್ ತಗುಲಿ ಮೂವರು ತೀರಿಕೊಂಡರು. ಎತ್ತುತ್ತಿದ್ದ ಚೌಕಟ್ಟು ಲೋಹದ್ದು, ಮೇಲೆ ತಂತಿ, ಕತ್ತಲು. ಇದರಲ್ಲಿ ವಿಧಿಯನ್ನು ದೂರುವಂಥದ್ದು ಏನಿದೆ? ಉದ್ದನೆಯ ಯಾವುದೇ ವಸ್ತುವನ್ನು ಎತ್ತುವ ಮೊದಲು ತಲೆಯೆತ್ತಿ ನೋಡಬೇಕು, ತಂತಿಯಿದ್ದರೆ ಎತ್ತಬಾರದು. ಎತ್ತರದ ಕೆಲಸದ ತರಬೇತಿಯಲ್ಲಿ ಇದು ಮೊದಲ ದಿನದ ಮೊದಲ ಪಾಠ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಂತೆ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಮಂದಿ ವಿದ್ಯುದಾಘಾತದಿಂದ ಸಾಯುತ್ತಿದ್ದಾರೆ. ಇಷ್ಟು ಜೀವಗಳು ಹೋಗುತ್ತಿರುವ ದೇಶದಲ್ಲಿ ಆ ಮೊದಲ ಪಾಠ ಹೇಳಿಕೊಡುವ ಜಾಗ ತಾಲ್ಲೂಕಿಗೆ ಒಂದಾದರೂ ಇರಬೇಡವೆ?

ವಿದ್ಯುತ್ ಕಂಪನಿಗಳ ಕಡೆ ತಿರುಗಿದರೆ ಚಿತ್ರ ಇನ್ನಷ್ಟು ಯೋಚಿಸುವಂತಿದೆ. ಕೆಪಿಟಿಸಿಎಲ್ 2024ರ ಅಕ್ಟೋಬರಿನಲ್ಲಿ ಅರ್ಜಿ ಕರೆದ 2,975 ಹುದ್ದೆಗಳಲ್ಲಿ 2,542 ಕಿರಿಯ ಪವರ್‌ಮನ್ ಹುದ್ದೆಗಳು. ಎಸ್ಸೆಸ್ಸೆಲ್ಸಿ ಪಾಸಾದವರು ಅರ್ಜಿ ಹಾಕಬಹುದು, ಆದರೆ 8 ಮೀಟರ್ ಎತ್ತರದ ಕಂಬ ಏರಿ ತೋರಿಸುವುದು ಕಡ್ಡಾಯ. ಕಂಬ ಏರುವ ಕೆಲಸಕ್ಕೆ ಕಂಬ ಏರುವ ಪರೀಕ್ಷೆ ಇಡುವುದರಲ್ಲಿ ತಪ್ಪಿಲ್ಲ. ಆದರೆ ಆ ಏರುವಿಕೆಯನ್ನು ಹಳ್ಳಿಯ ಹುಡುಗ ಎಲ್ಲಿ, ಯಾರ ಕಣ್ಣೆದುರು ಅಭ್ಯಾಸ ಮಾಡಬೇಕು? ಊರಿನಲ್ಲಿ ಅವನ ಕೈಗೆ ಸಿಗುವ ಕಂಬದಲ್ಲಿ ಕರೆಂಟ್ ಇರುತ್ತದೆ. ಹುದ್ದೆ ಸಿಕ್ಕಿದವನಿಗೆ ಮುಂದೆ ಕೆಲಸದ ಜತೆಗೆ ತರಬೇತಿಯೂ ಸಿಗುತ್ತದೆ. ಅದೇ ಲೈನಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಕಂಬ ನೆಡುವವನಿಗೆ, ತಂತಿ ಎಳೆಯುವವನಿಗೆ ಏನು ಸಿಗುತ್ತದೆ? ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾಗಿ ರೂಪುಗೊಂಡವು. ಲೈನಿನ ಮೇಲೆ ಕೆಲಸ ಮಾಡುವವರು ಅದಕ್ಕೆಂದು ಗೊತ್ತುಮಾಡಿದವರೇ ಆಗಿರಬೇಕು, ಕೈಗವಸು, ರಬ್ಬರ್ ಬೂಟು, ಸುರಕ್ಷತಾ ಬೆಲ್ಟು, ಏಣಿ, ಅರ್ತಿಂಗ್ ಸಾಧನ, ಹೆಲ್ಮೆಟ್ಟು, ಲೈನ್ ಟೆಸ್ಟರ್ ಅವರ ಬಳಿ ಇರಬೇಕು ಎಂಬುದು ನಿಯಮ. ಕಾಗದದ ಮೇಲೆ ಕೊರತೆಯಿಲ್ಲ. ಮಳೆಗಾಲದ ರಾತ್ರಿ ಊರಿಗೆ ಊರೇ ಕತ್ತಲಾಗಿ ಜನ ಕೂಗಾಡುತ್ತಿರುವಾಗ, ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡಾಯಿತೇ, ಅದು ಇದೇ ಫೀಡರಿನದೇ, ತಂತಿಗೆ ಅರ್ತ್ ಕೊಟ್ಟಾಯಿತೇ, ಯಾವುದೋ ರೈಸ್‌ಮಿಲ್ಲಿನ ಜನರೇಟರಿನಿಂದ ಹಿಮ್ಮುಖವಾಗಿ ಕರೆಂಟ್ ಬರುತ್ತಿದೆಯೇ ಎಂದು ಒಂದೊಂದನ್ನೂ ಕ್ರಮವಾಗಿ ನೋಡುವ ಅಭ್ಯಾಸ ಮೈಗೂಡಿರಬೇಕು. ಅಭ್ಯಾಸ ಸುತ್ತೋಲೆಯಿಂದ ಬರುವುದಿಲ್ಲ. ಕರೆಂಟಿಲ್ಲದ ಕಂಬದ ಮೇಲೆ ನೂರು ಸಲ ಮಾಡಿದವನಿಗೆ ಮಾತ್ರ ಬರುತ್ತದೆ.

ಇನ್ನು ಯಂತ್ರ. ನಗರಗಳಲ್ಲಿ ಬೀದಿದೀಪದ ದುರಸ್ತಿಗೆ ಬಕೆಟ್ ಲಿಫ್ಟ್ ಬಂದು ವರ್ಷಗಳಾದವು. ರಾಜ್ಯ ಅಗ್ನಿಶಾಮಕ ಇಲಾಖೆ 2023ರಲ್ಲಿ 90 ಮೀಟರ್ ಎತ್ತರ ತಲುಪುವ ಏಣಿ ವಾಹನವನ್ನೇ ಬೆಂಗಳೂರಿಗೆ ತರಿಸಿಕೊಂಡಿತು. ಆ ವಾಹನವನ್ನು ತರಬೇತಿಯಿಲ್ಲದವರ ಕೈಗೆ ಕೊಡುವ ಯೋಚನೆ ಯಾರಿಗೂ ಬಾರದು. ತಾಲ್ಲೂಕು ಕೇಂದ್ರದಲ್ಲಿ 9 ಮೀಟರಿನ ಬಕೆಟ್ ಲಿಫ್ಟ್ ಬಂದಾಗ ಆ ಎಚ್ಚರ ಉಳಿಯುತ್ತದೆಯೇ? ಲಿಫ್ಟ್ ಇಲ್ಲದ ಕಡೆ ಜೆಸಿಬಿಯ ಬಕೆಟ್ಟಿನಲ್ಲಿ ಇಬ್ಬರನ್ನು ನಿಲ್ಲಿಸಿ ಫ್ಲೆಕ್ಸ್ ಕಟ್ಟಿಸುವುದು, ದೀಪ ಹಾಕಿಸುವುದು, ಮೆರವಣಿಗೆಯಲ್ಲಿ ನಾಯಕರ ಮೇಲೆ ಹೂ ಸುರಿಸುವುದು ರಾಜ್ಯದಲ್ಲಿ ಎಲ್ಲರೂ ನೋಡಿರುವ ನೋಟ. ಆ ಬಕೆಟ್ ಇರುವುದು ಮಣ್ಣು ತೋಡುವುದಕ್ಕೆ. ಅದರಲ್ಲಿ ಮನುಷ್ಯರನ್ನು ಎತ್ತಬಾರದೆಂದು ಇಂಥ ಯಂತ್ರಗಳ ತಯಾರಕರೇ ಎಚ್ಚರಿಸುತ್ತಾರೆ. ಕಾರಣವೂ ಸರಳ. ಅದಕ್ಕೆ ಸುತ್ತ ಕಟಕಟೆಯಿಲ್ಲ, ಬೆಲ್ಟ್ ಕೊಕ್ಕೆ ಸಿಕ್ಕಿಸುವ ಜಾಗವಿಲ್ಲ, ಚಾಲಕನ ಕೈ ಲಿವರಿಗೆ ತುಸು ತಗುಲಿದರೆ ಬಕೆಟ್ ಮಗುಚುತ್ತದೆ, ಹೈಡ್ರಾಲಿಕ್ ಪೈಪ್ ಒಡೆದರೆ ತೋಳು ಕುಸಿಯುತ್ತದೆ. ಮಣ್ಣು ಬಿದ್ದರೆ ಮತ್ತೆ ತುಂಬಬಹುದು.

ಸರಿಯಾದ ಲಿಫ್ಟ್ ಬಂದರೂ ಮಾತು ಮುಗಿಯುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ನಿರ್ಮಾಣ ರಂಗವೊಂದರಲ್ಲೇ ಇಂಥ ಲಿಫ್ಟ್‌ಗಳಲ್ಲಿ ವರ್ಷಕ್ಕೆ ಸರಾಸರಿ 26 ಮಂದಿ ಸತ್ತರು. ಮುಖ್ಯ ಕಾರಣಗಳು ವಿದ್ಯುದಾಘಾತ, ಬಕೆಟ್ಟಿನಿಂದ ಬೀಳುವುದು, ಯಂತ್ರವೇ ಮಗುಚುವುದು. ಒಳ್ಳೆಯ ಯಂತ್ರವಿದ್ದ ದೇಶದ ಲೆಕ್ಕ ಇದು. ಹಾಗಾಗಿಯೇ ಅಲ್ಲಿನ ಕಾನೂನು ತರಬೇತಿ ಪಡೆದು ಅಧಿಕಾರ ಪಡೆದವರು ಮಾತ್ರ ಲಿಫ್ಟ್ ನಡೆಸಬೇಕು ಎನ್ನುತ್ತದೆ, ಪ್ರತಿದಿನ ಕೆಲಸಕ್ಕೆ ಮೊದಲು ನಿಯಂತ್ರಣಗಳನ್ನು ಪರೀಕ್ಷಿಸಬೇಕು ಎನ್ನುತ್ತದೆ, ವಿದ್ಯುತ್ ತಂತಿಯಿಂದ ಕನಿಷ್ಠ 10 ಅಡಿ ದೂರ ಕಡ್ಡಾಯ ಮಾಡುತ್ತದೆ. ಬಕೆಟ್ಟಿನಲ್ಲಿ ನಿಂತವರು ಹಾರ್ನೆಸ್ಸನ್ನು ಬಕೆಟ್ಟಿಗೋ ಯಂತ್ರದ ತೋಳಿಗೋ ಕಟ್ಟಿಕೊಳ್ಳಬೇಕು, ಪಕ್ಕದ ಕಂಬಕ್ಕೆ ಕಟ್ಟಿಕೊಳ್ಳಕೂಡದು ಎಂಬ ನಿಯಮವೂ ಇದೆ. ನಮ್ಮ ಕಂಬ ಹತ್ತುವವರ ಅಭ್ಯಾಸಕ್ಕೆ ಇದು ತದ್ವಿರುದ್ಧ. ಕಂಬಕ್ಕೆ ಬೆಲ್ಟ್ ಸುತ್ತಿಕೊಳ್ಳುವುದೇ ಅವರಿಗೆ ಗೊತ್ತಿರುವ ಭದ್ರತೆ. ಬಕೆಟ್ಟಿನಲ್ಲಿ ನಿಂತು ಹಾಗೆ ಮಾಡಿದರೆ, ಲಾರಿ ಅಲುಗಿದಾಗಲೋ ತೋಳು ಸರಿದಾಗಲೋ ಅದೇ ಬೆಲ್ಟು ಅವರನ್ನು ಬಕೆಟ್ಟಿನಿಂದ ಹೊರಗೆಳೆಯುತ್ತದೆ. ಚಾಚಿದ ತೋಳಿನ ಬುಡ ಒಂದು ಗುಂಡಿಗೆ ಇಳಿದರೆ ತುದಿಯಲ್ಲಿ ನಿಂತವರು ಕವಣೆಯ ಕಲ್ಲಿನಂತೆ ಚಿಮ್ಮುತ್ತಾರೆ. ನಾಲೆಯ ನೀರುಂಡ ಗದ್ದೆ ಬದಿಯ ಮೆತ್ತನೆ ಮಣ್ಣಿನ ಮೇಲೆ, ಕೆಳಗೆ ಗಟ್ಟಿ ಹಲಗೆ ಕೊಡದೆ ಲಾರಿಯ ಜಾಕುಗಳನ್ನು ಊರಿದರೆ ಒಂದು ಕಾಲು ಇಳಿಯುತ್ತದೆ, ಮೇಲಿನ ಬಕೆಟ್ ಮೀಟರುಗಟ್ಟಲೆ ವಾಲುತ್ತದೆ. ಹಳೆಯ ಅಭ್ಯಾಸ ಹೊಸ ಯಂತ್ರದಲ್ಲಿ ಜೀವ ತೆಗೆಯುವುದು ಹೀಗೆ. ಯಂತ್ರ ಕೊಟ್ಟು ತರಬೇತಿ ಕೊಡದಿದ್ದರೆ ನಾವು ಸಾವಿನ ಕಾರಣವನ್ನು ಬದಲಿಸಿದಂತಾಗುತ್ತದೆ, ಸಾವನ್ನು ತಪ್ಪಿಸಿದಂತಾಗುವುದಿಲ್ಲ.

ಮೂವತ್ತು ವರ್ಷ ಮರ ಹತ್ತಿದವರಿಗೆ, ಕಂಬ ಏರಿದವರಿಗೆ ಯಾವ ಮೇಷ್ಟ್ರು ಏನು ಕಲಿಸಬೇಕು ಎಂದು ಕೇಳುವವರಿದ್ದಾರೆ. ಅವರ ಕಸುಬಿನ ಮೇಲೆ ನನಗೆ ಪೂರ್ಣ ಗೌರವವಿದೆ. ಯಾವ ಮರ ಒಣಗಿದೆ, ಯಾವುದರ ಬುಡಕ್ಕೆ ಅಣಬೆ ರೋಗ ತಗುಲಿದೆ, ಮಳೆ ನಿಂತು ಎಷ್ಟು ಹೊತ್ತಿಗೆ ಕಾಂಡ ಹಿಡಿತಕ್ಕೆ ಬರುತ್ತದೆ ಎಂಬ ಜ್ಞಾನ ಅವರದು, ಅದನ್ನು ಯಾವ ಕೈಪಿಡಿಯೂ ಕೊಡಲಾರದು. ಹಾಗಾಗಿ ಕಲಿಸುವವರ ಸಾಲಿನಲ್ಲಿ ಅವರೂ ಕೂಲಿ ಪಡೆದು ಕೂರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅನುಭವ ಕಲಿಸುವುದು ಆಗಿಹೋದದ್ದನ್ನು ಮಾತ್ರ. 11 ಸಾವಿರ ವೋಲ್ಟ್ ಏನು ಮಾಡುತ್ತದೆ ಎಂದು ಅನುಭವದಿಂದ ಕಲಿಯಲು ಹೋದವರು ಹೇಳಲು ಉಳಿಯುವುದಿಲ್ಲ. ಬೆಲ್ಟಿನಲ್ಲಿ ಜೋತಾಡುತ್ತಾ ಪ್ರಜ್ಞೆ ತಪ್ಪಿದವರನ್ನು ಕೆಲವೇ ನಿಮಿಷಗಳಲ್ಲಿ ಕೆಳಗಿಳಿಸಬೇಕು, ಇಲ್ಲದಿದ್ದರೆ ರಕ್ತ ಕಾಲಿನಲ್ಲಿ ನಿಂತು ಪ್ರಾಣಕ್ಕೆ ಅಪಾಯ. ಇದೂ ಅನುಭವದಲ್ಲಿ ಸಿಗುವ ಪಾಠವಲ್ಲ. ಕರೆಂಟ್ ಹೊಡೆದು ಎದೆಬಡಿತ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಹೋದರೆ ಬದುಕುವ ಸಾಧ್ಯತೆ ಉಳಿಯುತ್ತದೆ. ತಾಲ್ಲೂಕಿನಿಂದ ದಾವಣಗೆರೆಯ ಅಥವಾ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ದಾರಿ ದೂರ. 108 ಬರುವವರೆಗೆ ಪಕ್ಕದಲ್ಲಿರುವವರು ಜತೆ ಕೆಲಸಗಾರರೇ, ವೈದ್ಯರಲ್ಲ. ಅವರ ಕೈಗೆ ಈ ವಿದ್ಯೆ ಬಂದಿರಬೇಕು.

ಖರ್ಚಿನ ಮಾತು ಬರುತ್ತದೆ. ಪೂರ್ತಿ ಮೈಗೆ ತೊಡುವ ಒಳ್ಳೆಯ ಹಾರ್ನೆಸ್ಸಿಗೆ ಕೆಲವು ಸಾವಿರ ರೂಪಾಯಿ. ಒಂದು ಕ್ವಿಂಟಲ್ ರಾಶಿ ಅಡಿಕೆ ಹತ್ತಾರು ಸಾವಿರ ರೂಪಾಯಿಗೆ ಮಾರಾಟವಾಗುವ ಕಾಲದಲ್ಲಿ ಇದು ಭಾರವೆಂದು ತೋಟದವರಾಗಲಿ ಖೇಣಿದಾರರಾಗಲಿ ಹೇಳುವುದು ನನಗೆ ಒಪ್ಪಿಗೆಯಾಗದು. ನಿಜವಾದ ತೊಡಕು ಹಣದಲ್ಲಿಲ್ಲ, ಕೂಲಿಯ ಲೆಕ್ಕದಲ್ಲಿದೆ. ಮರಕ್ಕಿಷ್ಟು, ಗೊನೆಗಿಷ್ಟು ಎಂದು ಕೂಲಿ ಗೊತ್ತಾದರೆ, ಬೆಲ್ಟ್ ಬಿಚ್ಚಿ ಕಟ್ಟುವ ಪ್ರತಿ ನಿಮಿಷವೂ ಆಳಿನ ಜೇಬಿನಿಂದ ಹೋಗುತ್ತದೆ. ಅವನು ಬೆಲ್ಟನ್ನು ಮರದ ಬುಡದಲ್ಲಿ ಬಿಟ್ಟು ಹತ್ತಿದರೆ ಅದು ಉದಾಸೀನವಲ್ಲ, ಹೊಟ್ಟೆಪಾಡಿನ ಲೆಕ್ಕ. ತಂತಿ ಹಾದುಹೋಗುವ ಸಾಲುಗಳನ್ನು, ಹಳೆಯ ಎತ್ತರದ ಮರಗಳನ್ನು ಕೊಯ್ಯುವ ದಿನಗಳಿಗಾದರೂ ದಿನಗೂಲಿ ಕೊಡಬೇಕು. ಇದನ್ನು ಬದಲಿಸದೆ ಹಾರ್ನೆಸ್ ಹಂಚಿ ಫೋಟೊ ತೆಗೆಸಿಕೊಂಡರೆ ಅವು ಮೂಲೆ ಸೇರುತ್ತವೆ. ಅಡಿಕೆ ತೋಟದಲ್ಲಿ ಲಿಫ್ಟ್ ಓಡಾಡುವುದೇ ಆಗದಲ್ಲ ಎನ್ನುವವರ ಮಾತು ಮಾತ್ರ ಸರಿ. 9 ಅಡಿ ಅಂತರದಲ್ಲಿ ನೆಟ್ಟ ಸಾಲುಗಳ ನಡುವೆ, ಒದ್ದೆ ನೆಲದಲ್ಲಿ, ಲಾರಿ ಹೋಗದು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕರೊಬ್ಬರು ಕಾಂಡ ಹಿಡಿದು ಮೇಲೇರುವ ಬೈಕಿನಂಥ ಯಂತ್ರ ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ಅಂಥ ಸಾಧನ ಹೆಚ್ಚಲಿ. ಅದಕ್ಕೂ ಬೆಲ್ಟ್ ಬೇಕು, ಬ್ರೇಕಿನ ಪರೀಕ್ಷೆ ಬೇಕು, ಕಲಿತ ಕೈ ಬೇಕು.

ಕಾನೂನು ಇದೆಯಲ್ಲ, ಹೊಸ ವ್ಯವಸ್ಥೆ ಏಕೆ ಎಂಬ ಪ್ರಶ್ನೆಗೆ ಕಾನೂನನ್ನೇ ಬಿಡಿಸಿ ನೋಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಸಾಮಾನ್ಯವಾಗಿ 10 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಅನ್ವಯಿಸುತ್ತದೆ. ತೋಟ ಕಾರ್ಮಿಕರ 1951ರ ಕಾಯ್ದೆ ಹೆಸರಿಸಿದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನ, ಏಲಕ್ಕಿ. ಅಡಿಕೆಯ ಹೆಸರು ಅಲ್ಲಿರಲಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಎತ್ತರದ ಕೆಲಸ ನಡೆಯುವುದು ನಾಲ್ಕೈದು ಜನರ ತಂಡಗಳಲ್ಲಿ. ಮನೆ ಕಟ್ಟುವ ಮೇಸ್ತ್ರಿಯ ತಂಡ, ಖೇಣಿದಾರನ ತಂಡ, ಫ್ಲೆಕ್ಸ್ ಕಟ್ಟುವ ಹುಡುಗರ ತಂಡ ಎಲ್ಲವೂ ಆ ಹತ್ತರ ಗೆರೆಯ ಕೆಳಗೆ ಬೀಳುತ್ತವೆ. ಸಾವು ಜಾಸ್ತಿ ಇರುವ ಕಡೆ ಕಾನೂನಿನ ಕೈ ತಲುಪುವುದಿಲ್ಲ. ತಲುಪುವ ಬೇರೆ ಕೈಗಳಿವೆ. ಪುರಸಭೆ, ಪಟ್ಟಣ ಪಂಚಾಯಿತಿ, ಬೆಸ್ಕಾಂ ಟೆಂಡರ್ ಕರೆಯುತ್ತವೆ. ಎತ್ತರದ ಕೆಲಸಕ್ಕೆ ತರಬೇತಿ ಕಾರ್ಡ್ ಇದ್ದವರನ್ನೇ ಹತ್ತಿಸಬೇಕು, ಇಲ್ಲದಿದ್ದರೆ ಬಿಲ್ ಪಾಸಾಗದು ಎಂಬ ಒಂದು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಜೆಸಿಬಿ ಬಕೆಟ್ಟಿನಲ್ಲಿ ಜನರನ್ನು ಎತ್ತುವುದಿಲ್ಲ ಎಂಬ ನಿರ್ಧಾರವನ್ನು ಸ್ಥಳೀಯ ಸಂಸ್ಥೆಗಳು ಮೊದಲು ತಮ್ಮ ಕೆಲಸದಲ್ಲೇ ಜಾರಿಗೆ ತರಬಹುದು. ಮೆರವಣಿಗೆಗೆ ಅನುಮತಿ ಕೊಡುವ ಪೊಲೀಸರು ಅದೇ ಷರತ್ತು ಹಾಕಬಹುದು.

ಕಲಿಸುವುದು ಹೇಗೆಂಬುದಕ್ಕೆ ಮಾದರಿ ದೂರದಲ್ಲಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ಕಾರ್ಯಕ್ರಮ ಆರಂಭಿಸಿ, ಆರು ದಿನಗಳ ತರಬೇತಿ ಕೊಟ್ಟು, ಮರ ಏರುವ ಸಾಧನವನ್ನೂ ಕೈಗೆ ಕೊಟ್ಟು ಕಳಿಸುವ ಪದ್ಧತಿ ತಂದಿತು. ಕೇರ ಸುರಕ್ಷಾ ಎಂಬ ಅಪಘಾತ ವಿಮೆಯ ಕಂತಿನಲ್ಲೂ ದೊಡ್ಡ ಪಾಲು ಮಂಡಳಿಯದೇ. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಟ್ಲ ಕೇಂದ್ರದಲ್ಲಿ ಅಡಿಕೆ ಮರ ಏರುವ ಕೌಶಲದ ಶಿಬಿರಗಳು ನಡೆದಿವೆ. ದಾವಣಗೆರೆ ಜಿಲ್ಲೆಗೂ ಸ್ವಂತ ಬಲವಿದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಅಡಿಕೆ ಬೆಳೆಗಾರರ ತುಮ್‌ಕೋಸ್ ಇದೆ, ಐಟಿಐಗಳಿವೆ. ಪ್ರತಿ ತಾಲ್ಲೂಕಿಗೆ ಒಂದು ಅಂಗಳ ಸಾಕು. ಅದರಲ್ಲಿ ಕರೆಂಟಿಲ್ಲದ ನಾಲ್ಕು ಕಂಬ, ಒಂದು ಉಕ್ಕಿನ ಚೌಕಟ್ಟು, ನಾಲ್ಕಾರು ಅಡಿಕೆ ಮರ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳಿಗೆ ಸರದಿಯಲ್ಲಿ ಬರುವ ಒಂದು ಬಕೆಟ್ ಲಿಫ್ಟ್. ಐದಾರು ದಿನಗಳ ಕಲಿಕೆ, ಆ ದಿನಗಳಿಗೆ ಪೂರ್ತಿ ಕೂಲಿ. ಕೂಲಿ ಕೊಡದ ತರಬೇತಿಗೆ ದುಡಿದು ತಿನ್ನುವವರು ಬರಲಾರರು, ಬಾರದಿದ್ದರೆ ಅವರನ್ನು ದೂರುವ ಹಕ್ಕೂ ನಮಗಿರುವುದಿಲ್ಲ. ಕೊನೆಗೆ ಹತ್ತಿ, ಇಳಿದು, ಜೋತಾಡುತ್ತಿರುವ ಜತೆಗಾರನನ್ನು ಇಳಿಸಿ ತೋರಿಸಿದವರಿಗೆ ಫೋಟೊ ಇರುವ ಕಾರ್ಡ್. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಅಲ್ಲೇ ಸೇರಿಸಿದರೆ 2 ಲಕ್ಷದ ಅಪಘಾತ ವಿಮೆಯೂ ಆಗುತ್ತದೆ. ಅದು ಏನೇನೂ ಸಾಲದು, ಆದರೆ ಶುರುವಿಗೆ ಅಡ್ಡಿಯಿಲ್ಲ.

ಕಾರ್ಡ್ ಎಂದ ಕೂಡಲೇ ಇನ್ನೊಂದು ಆತಂಕ ಏಳುತ್ತದೆ, ಅದನ್ನು ತಳ್ಳಿಹಾಕಲಾಗದು. ಕಾರ್ಡ್ ಎಂಬುದು ಲಂಚದ ಇನ್ನೊಂದು ಬಾಗಿಲಾಗಬಹುದು, ಹತ್ತಲು ಬಾರದವರ ಕೈಯಲ್ಲೂ ಕಾರ್ಡ್ ಇರಬಹುದು, ಕಾರ್ಡಿಲ್ಲದ ಬಡವನ ಕೂಲಿ ತಪ್ಪಬಹುದು. ಇದಕ್ಕೆ ನನಗೆ ಕಾಣುವ ಪರಿಹಾರ ಮೂರು. ಪರೀಕ್ಷೆ ತೆರೆದ ಅಂಗಳದಲ್ಲಿ, ಎಲ್ಲರೆದುರು ನಡೆಯಲಿ, ಕಂಬ ಹತ್ತಿದವರು ಯಾರೆಂದು ಊರಿಗೇ ಕಾಣುತ್ತದೆ. ಕಾರ್ಡ್ ಇಲ್ಲದ ಕಾರಣಕ್ಕೆ ದಂಡ ಕೆಲಸ ಕೊಟ್ಟವರ ಮೇಲೆ ಬೀಳಲಿ, ಹತ್ತಿದವನ ಮೇಲಲ್ಲ. ಮೊದಲ ಎರಡು ಹಂಗಾಮು ಯಾರಿಗೂ ದಂಡ ಬೇಡ, ಕಲಿಸುವುದಷ್ಟೇ ನಡೆಯಲಿ. ಜನಕ್ಕೆ ಉಪಯೋಗ ಕಂಡರೆ ಕಡ್ಡಾಯ ಮಾಡುವುದು ಸುಲಭವಾಗುತ್ತದೆ.

ಬೆಸ್ಕಾಂ ಮಾಡಬೇಕಾದ ಒಂದು ಕೆಲಸ ಬಾಕಿ ಉಳಿಯಿತು. ತಂತಿಯ ಕೆಳಗಿನ ಸಾಲು ಕೊಯ್ಯುವ ದಿನ, ಗೊತ್ತುಮಾಡಿದ ಎರಡು ತಾಸು ಲೈನ್ ಬಂದ್ ಮಾಡಿಕೊಡುವ ವ್ಯವಸ್ಥೆ ಬೇಕು. ರೈತ ಹಿಂದಿನ ದಿನ 1912ಕ್ಕೆ ಅಥವಾ ಶಾಖಾ ಕಚೇರಿಗೆ ತಿಳಿಸಿದರೆ ಸಾಕಾಗಬೇಕು. ಒಬ್ಬರ ತೋಟಕ್ಕಾಗಿ ಇಡೀ ಫೀಡರ್ ನಿಲ್ಲಿಸಲಾಗದು ಎಂದು ಹೇಳಬಹುದು. ಊರಿನ ಎಲ್ಲ ತೋಟಗಳಿಗೂ ಒಂದೇ ದಿನ ಗೊತ್ತುಮಾಡಿದರೆ ಈ ಅಡ್ಡಿಯಿಲ್ಲ. ಪಂಪ್‌ಸೆಟ್ಟಿಗೆ ಇಂತಿಷ್ಟೇ ತಾಸು ಕರೆಂಟ್ ಎಂದು ವೇಳಾಪಟ್ಟಿ ಮಾಡಬಲ್ಲ ಕಂಪನಿಗೆ ಇದು ಕಷ್ಟವಲ್ಲ. ಜೋತುಬಿದ್ದ ತಂತಿ ಬಿಗಿಯುವುದು, ತೋಟದ ಮೇಲಿನ ಬರಿ ತಂತಿಯ ಜಾಗದಲ್ಲಿ ಹೊದಿಕೆಯ ತಂತಿ ಎಳೆಯುವುದು ದುಬಾರಿ, ನಿಧಾನ. ಅವು ವರ್ಷಗಳ ಕೆಲಸವಾಗಿ ನಡೆಯಲಿ. ಎರಡು ತಾಸು ಲೈನ್ ಬಂದ್ ಮಾಡುವುದಕ್ಕೆ ವರ್ಷ ಬೇಡ.

ಈ ಭಾಗದಲ್ಲಿ ಹಸಿ ಅಡಿಕೆಯ ಕೊಯ್ಲು ಆಗಸ್ಟ್ ಹೊತ್ತಿಗೆ ಶುರುವಾಗುತ್ತದೆ, ಗಣೇಶನ ಹಬ್ಬದ ಫ್ಲೆಕ್ಸು, ದೀಪಾಲಂಕಾರಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೇಲೇರುತ್ತವೆ. ಅದಕ್ಕೆ ಮುಂಚೆ ದಾವಣಗೆರೆ ಜಿಲ್ಲಾಧಿಕಾರಿಗಳು ಬೆಸ್ಕಾಂ, ತೋಟಗಾರಿಕೆ ಇಲಾಖೆ, ಕಾರ್ಮಿಕ ಇಲಾಖೆ, ಸ್ಥಳೀಯ ಸಂಸ್ಥೆಗಳು ಮತ್ತು ಅಡಿಕೆ ಸಹಕಾರ ಸಂಘಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ನಾಲ್ಕು ತಾಲ್ಲೂಕುಗಳಲ್ಲಿ ತರಬೇತಿ ಅಂಗಳಕ್ಕೆ ಜಾಗ ಗೊತ್ತುಮಾಡಲಿ. ಆ ಸಭೆಗೆ ಮರ ಹತ್ತುವವರನ್ನೂ ಕಂಬ ಏರುವವರನ್ನೂ ಕರೆಯಲಿ, ಮೊದಲ ಮಾತು ಅವರದಾಗಲಿ. ಈ ಸಲದ ತೋಟವನ್ನು ಖೇಣಿಗೆ ಕೊಡುವ ಬೆಳೆಗಾರರು ಕರಾರುಪತ್ರದಲ್ಲಿ ಆಳುಗಳ ವಿಮೆ ಮತ್ತು ತಂತಿ ಕೆಳಗಿನ ಸಾಲಿನ ದಿನಗೂಲಿ ಎಂಬ ಎರಡು ಸಾಲು ಬರೆಸಲಿ. ಅದಕ್ಕೆ ಯಾವ ಸರ್ಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ.